ಗಮ್ಮಿ ತಿಂದ್ರೆ ಮಗು ಒಂದು ಕಡೆ ಕೂರುತ್ತಾ? ಎಡಿಎಚ್‌ಡಿ ಮತ್ತು ಸಪ್ಲಿಮೆಂಟ್‌ಗಳ ಅಸಲಿ ಲೆಕ್ಕ

ಈಚಿನ ಸುದ್ದಿಗಳನ್ನು ಸಾಲಾಗಿ ಇಟ್ಟು ಓದಿದರೆ ಯಾವ ಅಪ್ಪ-ಅಮ್ಮನಿಗಾದರೂ ತಲೆ ಕೆಡುತ್ತೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಎಂದಿತು, ಬಾಂಬೆ ಮಿಠಾಯಿಯ ರೋಡಮೈನ್-ಬಿ ಬಣ್ಣಕ್ಕೂ ನಿಷೇಧ ಬಿತ್ತು. ಜೂನ್‌ನಲ್ಲಿ ಕಬಾಬ್ ಸರದಿ. ನಡುವೆ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ, ಬೋರ್ನ್‌ವೀಟಾದಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಿರಿ ಎಂದಿತು. 2025ರ ಜನವರಿಯಲ್ಲಿ ಅಮೆರಿಕ ರೆಡ್ ನಂಬರ್ 3 ಬಣ್ಣವನ್ನು ಆಹಾರದಿಂದ ಹೊರಹಾಕುವ ಆದೇಶ ಮಾಡಿತು. ಅದೇ ವರ್ಷ ಮೇನಲ್ಲಿ ಅಲ್ಲಿನ ಆರೋಗ್ಯ ಸಚಿವ ರಾಬರ್ಟ್ ಕೆನಡಿ ಜೂನಿಯರ್ ಮುಂದಾಳತ್ವದ ವರದಿಯೊಂದು ಬಂತು. ಮಕ್ಕಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಮಾತ್ರೆ ಜಾಸ್ತಿ ಕೊಡ್ತಿದ್ದೇವೆ, ಆಹಾರದ ಕಡೆ ನೋಡ್ತಿಲ್ಲ ಅನ್ನುವುದು ಅದರ ಒಂದು ವಾದ. ಆ ವರದಿಯಲ್ಲಿ ಹೆಸರಿಸಿದ ಕೆಲವು ಅಧ್ಯಯನಗಳು ಇಲ್ಲವೇ ಇಲ್ಲ ಅಂತ ಪತ್ರಕರ್ತರು ಆಮೇಲೆ ಪತ್ತೆ ಮಾಡಿದರು, ಅದು ಬೇರೆ ಮಾತು.

ಇಷ್ಟೆಲ್ಲ ಕೇಳಿದವರಿಗೆ ಒಂದು ಸಾಲು ಮಾತ್ರ ತಲೆಯಲ್ಲಿ ಉಳಿಯುತ್ತೆ: ಮಗು ಕುಣಿಯೋದಕ್ಕೆ ಊಟವೇ ಕಾರಣ, ಹಾಗಾದ್ರೆ ಪರಿಹಾರವೂ ಬಾಯಿ ಮೂಲಕವೇ ಬರಬೇಕು. ಫೋನ್ ತೆಗೆದರೆ ‘ಫೋಕಸ್’, ‘ಬ್ರೇನ್’ ಎಂದು ಬರೆದ ಗಮ್ಮಿಗಳ, ಅಂದರೆ ಜೆಲ್ಲಿ ಮಿಠಾಯಿ ಥರದ ಸಪ್ಲಿಮೆಂಟ್‌ಗಳ, ಜಾಹೀರಾತು ಸಿದ್ಧವಾಗಿ ಕೂತಿರುತ್ತೆ. ಇದರಲ್ಲಿ ಎಷ್ಟು ನಿಜ, ಎಷ್ಟು ಮಾರ್ಕೆಟಿಂಗ್?

ಎಡಿಎಚ್‌ಡಿ ಯಾವುದು, ಯಾವುದಲ್ಲ

ನಾಲ್ಕು ವರ್ಷದ ಮಗು ಒಂದು ಕಡೆ ಕೂರಲ್ಲ ಅನ್ನೋದು ದೂರೇ ಅಲ್ಲ. ಆ ವಯಸ್ಸೇ ಹಾಗೆ. ಗಮನದ ತೊಂದರೆ ಅಥವಾ ಮಿತಿಮೀರಿದ ಚಟುವಟಿಕೆ, ಇಲ್ಲವೇ ಎರಡೂ, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು, 12 ವರ್ಷದ ಒಳಗೇ ಶುರುವಾಗಿರಬೇಕು, ಮಗುವಿನ ಕಲಿಕೆ ಮತ್ತು ಒಡನಾಟಕ್ಕೆ ನಿಜವಾಗಿ ಅಡ್ಡಿಯಾಗಿರಬೇಕು. ಆಗ ಮಾತ್ರ ಡಾಕ್ಟರು ಎಡಿಎಚ್‌ಡಿ ಅನ್ನುತ್ತಾರೆ. ಜಗತ್ತಿನಲ್ಲಿ ಸುಮಾರು 5% ಮಕ್ಕಳಲ್ಲಿ ಇದು ಇದೆ ಅನ್ನೋದು ಎಲ್ಲರೂ ಹೇಳುವ ಅಂದಾಜು. ಇದರಲ್ಲಿ ವಂಶದ ಪಾಲು ದೊಡ್ಡದು.

ಹಾಗೇ ಎಡಿಎಚ್‌ಡಿ ಥರ ಕಾಣುವ ಬೇರೆ ತೊಂದರೆಗಳೂ ಇವೆ. ರಾತ್ರಿ ಗೊರಕೆ ಹೊಡೆದು ಸರಿಯಾಗಿ ನಿದ್ದೆಯಾಗದ ಮಗು ಹಗಲಲ್ಲಿ ದೊಡ್ಡವರ ಹಾಗೆ ತೂಕಡಿಸಲ್ಲ, ಬದಲಿಗೆ ಓಡಾಡುತ್ತೆ, ಹಠ ಮಾಡುತ್ತೆ. ಕಿವಿ ಸರಿಯಾಗಿ ಕೇಳಿಸದ ಮಗು ‘ಹೇಳಿದ ಮಾತು ಕೇಳಲ್ಲ’ ಅನಿಸಿಕೊಳ್ಳುತ್ತೆ. ಇಂಥ ಮಗುವಿಗೆ ಯಾವ ಟಾನಿಕ್ ಕುಡಿಸಿದರೂ ಮೂಗಿನ ಹಿಂದೆ ಊದಿ ಗೊರಕೆ ತರಿಸುವ ಅಡೆನಾಯ್ಡ್ ಗಡ್ಡೆ ಕರಗಲ್ಲ ಅಲ್ವಾ?

ಬಾಟಲಿಗೆ ಜಾಗ ಸಿಕ್ಕಿದ್ದು ಹೇಗೆ

ಅಪ್ಪ-ಅಮ್ಮಂದಿರು ಸುಮ್ನೆ ಮರುಳಾಗಿ ಗಮ್ಮಿ ಕೊಳ್ಳುತ್ತಿಲ್ಲ. ಅವರು ಅಲ್ಲಿಗೆ ಬಂದು ನಿಲ್ಲುವ ದಾರಿಯನ್ನು ನೋಡಬೇಕು.

ಆರು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ದೊಡ್ಡ ಮಾರ್ಗಸೂಚಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಹೇಳಿದ್ದು: ನಾಲ್ಕರಿಂದ ಆರು ವರ್ಷದೊಳಗಿನವರಿಗೆ ಮೊದಲು ಪೋಷಕರ ತರಬೇತಿ, ಅದರಿಂದ ಸಾಲದಿದ್ದರೆ ಮಾತ್ರ ಮಾತ್ರೆಯ ಯೋಚನೆ. ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಇನ್ನೂ ಬಿಗಿಯಾಗಿ ಹೇಳಿತು: ಐದು ವರ್ಷದೊಳಗಿನ ಮಗುವಿಗೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಇಲ್ಲದೆ ಔಷಧಿ ಬೇಡ. ಇದಕ್ಕೆ ಕಾರಣ ಇದೆ. ತೀರಾ ಚಿಕ್ಕ ಮಕ್ಕಳಿಗೆ ಮೀಥೈಲ್‌ಫೆನಿಡೇಟ್ ಅನ್ನುವ ಎಡಿಎಚ್‌ಡಿ ಔಷಧಿ ಕೊಟ್ಟು ನೋಡಿದ ಅಮೆರಿಕದ ಅಧ್ಯಯನದಲ್ಲಿ ಲಾಭ ದೊಡ್ಡ ಮಕ್ಕಳಿಗಿಂತ ಕಡಿಮೆ ಇತ್ತು, ಅಡ್ಡಪರಿಣಾಮ ಜಾಸ್ತಿ ಇತ್ತು.

ಸಲಹೆ ಸರಿಯೇ. ಆದರೆ ನಮ್ಮಲ್ಲಿ ಅದರ ಗತಿ ಏನಾಗುತ್ತೆ ನೋಡಿ. ಪೋಷಕರ ತರಬೇತಿ ಅಂದರೆ ವಾರ ವಾರ ಕೂತು ಕಲಿಯುವ ಕೆಲಸ: ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ಕೂಗಾಡದೆ ಹೇಳುವುದು, ಮಗು ಮಾಡಿದ ಒಳ್ಳೆಯದನ್ನು ಆ ಕ್ಷಣವೇ ಮೆಚ್ಚುವುದು, ದಿನಚರಿಯನ್ನು ಗೋಡೆಗೆ ಚಿತ್ರ ಅಂಟಿಸಿ ತೋರಿಸುವುದು. ಇದನ್ನು ಕಲಿಸುವವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಿಗುತ್ತಾರೆ, ಕೆಲವು ನಗರಗಳಲ್ಲಿ ಸಿಗುತ್ತಾರೆ. ತಾಲ್ಲೂಕು ಮಟ್ಟದಲ್ಲಿ? ಇನ್ನು ಮೀಥೈಲ್‌ಫೆನಿಡೇಟ್ ನಮ್ಮ ಕಾನೂನಿನಲ್ಲಿ ಶೆಡ್ಯೂಲ್ ಎಕ್ಸ್ ಔಷಧಿ. ಮಾರಲು ಅಂಗಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕು, ಚೀಟಿ ಎರಡು ಪ್ರತಿ ಬೇಕು, ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಈ ತಲೆನೋವು ಎಷ್ಟು ಮೆಡಿಕಲ್ ಶಾಪಿನವರಿಗೆ ಬೇಕು ಹೇಳಿ. ಹಾಗಾಗಿ ಚಿಕ್ಕ ಮಗುವಿಗೆ ಮಾತ್ರೆ ಬೇಡ, ದೊಡ್ಡ ಮಗುವಿಗೆ ಮಾತ್ರೆ ಸಿಗಲ್ಲ, ತರಬೇತಿ ಕೊಡುವವರಿಲ್ಲ. ಶಾಲೆಯಿಂದ ಮಾತ್ರ ವಾರಕ್ಕೊಂದು ದೂರು. ಆಸ್ಪತ್ರೆಯಿಂದ ಬರಿಗೈಲಿ ಬಂದವರ ಕೈಗೆ ಬಾಟಲಿ ಸಿಗುತ್ತೆ, ಅದಕ್ಕೆ ಚೀಟಿಯೂ ಬೇಡ. ಸಪ್ಲಿಮೆಂಟ್ ಮಾರುಕಟ್ಟೆ ಬೆಳೆದಿರುವುದು ಪೌಷ್ಟಿಕಾಂಶದ ಕೊರತೆಗಿಂತ ಹೆಚ್ಚಾಗಿ ಈ ಸೇವೆಯ ಕೊರತೆಯ ಮೇಲೆ ಅನ್ನುವುದೇ ನನ್ನ ವಾದ.

ಕಬ್ಬಿಣಾಂಶ: ಇಲ್ಲಿ ನಿಜಕ್ಕೂ ವಿಷಯ ಇದೆ

ಹಾಗಂತ ಎಲ್ಲವನ್ನೂ ಬೊಗಳೆ ಅಂತ ತಳ್ಳಿಹಾಕಿದರೆ ಅದೂ ತಪ್ಪಾಗುತ್ತೆ. ಕಬ್ಬಿಣಾಂಶವನ್ನೇ ತಗೊಳ್ಳಿ. ಗಮನಕ್ಕೂ ಚಲನೆಗೂ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕವನ್ನು ಮಿದುಳು ತಯಾರಿಸಬೇಕಾದರೆ ಒಂದು ಕಿಣ್ವ ಕೆಲಸ ಮಾಡಬೇಕು, ಆ ಕಿಣ್ವಕ್ಕೆ ಕಬ್ಬಿಣ ಬೇಕು. ಕಬ್ಬಿಣ ಕಡಿಮೆಯಾದರೆ ರಾತ್ರಿ ಕಾಲು ಚಡಪಡಿಸುವ ತೊಂದರೆಯೂ ಬರಬಹುದು. ಅದರಿಂದ ನಿದ್ದೆ ಕೆಡುತ್ತೆ, ನಿದ್ದೆ ಕೆಟ್ಟರೆ ಹಗಲಿನ ಗಮನವೂ ಕೆಡುತ್ತೆ.

2004ರಲ್ಲಿ ಫ್ರಾನ್ಸ್‌ನಲ್ಲಿ ಎಡಿಎಚ್‌ಡಿ ಇರುವ 53 ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ 84% ಮಕ್ಕಳ ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ಮಿ.ಲೀ.ಗೆ 30 ನ್ಯಾನೊಗ್ರಾಂಗಿಂತ ಕೆಳಗಿತ್ತು. ಹೋಲಿಕೆಗೆ ತಗೊಂಡ ಮಕ್ಕಳಲ್ಲಿ ಇದು 18%. ಅದೇ ತಂಡ 2008ರಲ್ಲಿ ಫೆರಿಟಿನ್ ಕಡಿಮೆ ಇದ್ದ 23 ಮಕ್ಕಳನ್ನು ಆರಿಸಿ 12 ವಾರ ಪ್ರಯೋಗ ಮಾಡಿತು. ಕಬ್ಬಿಣ ತಗೊಂಡವರಲ್ಲಿ ಸುಧಾರಣೆ ಕಂಡಿತು. ಆದರೆ 23 ಮಕ್ಕಳು ಅಂದರೆ ಒಂದು ತರಗತಿಯಷ್ಟೂ ಇಲ್ಲ, ಅದರಲ್ಲಿ ಹೋಲಿಕೆಗೆಂದು ಔಷಧಿಯಿಲ್ಲದ ಡಮ್ಮಿ ಮಾತ್ರೆ ತಗೊಂಡವರು ಬರೀ ಐದು ಜನ. ಭರವಸೆ ಇಟ್ಟುಕೊಳ್ಳಬಹುದು, ಘೋಷಣೆ ಮಾಡುವ ಹಾಗಿಲ್ಲ.

ಈ ಮಾತು ಪ್ಯಾರಿಸ್‌ಗಿಂತ ನಮಗೇ ಜಾಸ್ತಿ ಅನ್ವಯಿಸುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ 65.5% ಮಕ್ಕಳಿಗೆ ರಕ್ತಹೀನತೆ. ಬೆರಳ ತುದಿಯ ರಕ್ತ ತೆಗೆದು ಮಾಡುವ ಈ ಪರೀಕ್ಷೆ ಅಂಕಿಯನ್ನು ಏರಿಸಿ ತೋರಿಸುತ್ತೆ ಅನ್ನುವ ತಕರಾರು ಇದೆ. ರಕ್ತನಾಳದಿಂದ ರಕ್ತ ತೆಗೆದು ನೋಡಿದ 2016-18ರ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ 41%, ಕಬ್ಬಿಣದ ಕೊರತೆ 32%. ಯಾವ ಲೆಕ್ಕ ಹಿಡಿದರೂ ಕಡಿಮೆಯಂತೂ ಅಲ್ಲ. ಒಂದು ಸೂಕ್ಷ್ಮ ಇದೆ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಫೆರಿಟಿನ್ ಕಡಿಮೆ ಇರಬಹುದು, ಏಕೆಂದರೆ ದೇಹ ಮೊದಲು ಖಾಲಿ ಮಾಡೋದು ಉಗ್ರಾಣವನ್ನು. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತೆ. ಹಾಗಾಗಿ ಜ್ವರದ ವಾರದಲ್ಲಿ ಪರೀಕ್ಷೆ ಮಾಡಿಸಿ ‘ನಾರ್ಮಲ್’ ಅಂದುಕೊಂಡರೆ ಮೋಸ ಹೋದಂತೆ.

ಎಣ್ಣೆ ತೀರಿದ ದೀಪಕ್ಕೆ ಎಣ್ಣೆ ಹಾಕಿದರೆ ಉರಿಯುತ್ತೆ, ತುಂಬಿದ ದೀಪಕ್ಕೆ ಸುರಿದರೆ ಚೆಲ್ಲಿ ನೆಲ ಗಲೀಜಾಗುತ್ತೆ. ಕಬ್ಬಿಣದ ವಿಷಯ ಇಷ್ಟೇ. ಕೊರತೆ ಇರುವ ಮಗುವಿಗೆ ಇದು ಔಷಧಿ. ಕೊರತೆ ಇಲ್ಲದ ಮಗುವಿಗೆ ಮಲಬದ್ಧತೆ, ಹೊಟ್ಟೆನೋವು. ದೇಹದಲ್ಲಿ ಕಬ್ಬಿಣ ತುಂಬಿಕೊಳ್ಳುವ ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇದ್ದರೆ ಅಪಾಯವೇ.

ಮಜಾ ಅಂದರೆ ಈ ‘ಸಪ್ಲಿಮೆಂಟ್’ ಅಂಗನವಾಡಿ, ಶಾಲೆಗಳಲ್ಲಿ ಪುಕ್ಕಟೆ ಕೊಡಬೇಕಾದದ್ದು. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನವರಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಸಿರಪ್ (20 ಮಿ.ಗ್ರಾಂ ಕಬ್ಬಿಣ), ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಮಾತ್ರೆ (45 ಮಿ.ಗ್ರಾಂ). ಜೊತೆಗೆ ಜಂತುಹುಳದ ಮಾತ್ರೆ. ಮಲ ಕಪ್ಪಗಾಗುತ್ತೆ ಅಂತ ಹೆದರಿ ನಿಲ್ಲಿಸುವ ಮನೆಗಳಲ್ಲೇ ತಿಂಗಳಿಗೆ ಸಾವಿರ ರೂಪಾಯಿಯ ಗಮ್ಮಿ ಡಬ್ಬಿ ಬರುವುದೂ ಉಂಟು.

ಮೀನೆಣ್ಣೆ: ಆಸೆ ದೊಡ್ಡದು, ಲಾಭ ಚಿಕ್ಕದು

ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನ ಮೇಲೆ ನಡೆದಷ್ಟು ಪ್ರಯೋಗ ಇನ್ನಾವ ಸಪ್ಲಿಮೆಂಟ್ ಮೇಲೂ ನಡೆದಿರಲಿಕ್ಕಿಲ್ಲ. 2011ರಲ್ಲಿ ಹತ್ತು ಪ್ರಯೋಗಗಳ 699 ಮಕ್ಕಳ ಲೆಕ್ಕ ಕೂಡಿಸಿ ನೋಡಿದಾಗ ಲಾಭದ ಅಳತೆ (ಸೊನ್ನೆ ಅಂದರೆ ಡಮ್ಮಿಗಿಂತ ಏನೂ ಹೆಚ್ಚಿಲ್ಲ) 0.31 ಬಂತು. ಇದೇ ಬಗೆಯ ಅಳತೆಯಲ್ಲಿ ಮೀಥೈಲ್‌ಫೆನಿಡೇಟ್‌ಗೆ 2018ರ ದೊಡ್ಡ ವಿಶ್ಲೇಷಣೆ ಕೊಟ್ಟದ್ದು 0.78. ಅಂದರೆ ಅರ್ಧಕ್ಕೂ ಕಡಿಮೆ. ಆಮೇಲೆ 2023ರಲ್ಲಿ, ಪ್ರಯೋಗಗಳನ್ನು ಒಟ್ಟು ಮಾಡಿ ತೂಗಿ ನೋಡುವ ಕಾಕ್ರೇನ್ ತಂಡ 37 ಪ್ರಯೋಗಗಳನ್ನು, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಜಾಲಾಡಿತು. ಪೋಷಕರು ಕೊಟ್ಟ ಅಂಕಗಳಲ್ಲಿ, ಗಮನದ ವಿಷಯದಲ್ಲೂ ಚಟುವಟಿಕೆಯ ವಿಷಯದಲ್ಲೂ, ಎಣ್ಣೆಗೂ ಡಮ್ಮಿಗೂ ವ್ಯತ್ಯಾಸ ಕಾಣಲಿಲ್ಲ. ನೈಸ್ ಸಂಸ್ಥೆಯಂತೂ ಎಡಿಎಚ್‌ಡಿಗೆ ಇದನ್ನು ಸಲಹೆ ಮಾಡಲೇಬೇಡಿ ಅಂದಿದೆ.

ಆದರೆ 2019ರ ತೈವಾನ್ ಪ್ರಯೋಗವೊಂದು ಬೇರೆ ಬಾಗಿಲು ತೆರೆಯುತ್ತೆ. 92 ಮಕ್ಕಳು, 12 ವಾರ, ದಿನಕ್ಕೆ 1.2 ಗ್ರಾಂ ಇಪಿಎ (ಮೀನೆಣ್ಣೆಯ ಒಂದು ಬಗೆಯ ಒಮೆಗಾ-3). ರಕ್ತದಲ್ಲಿ ಮೊದಲೇ ಇಪಿಎ ಕಡಿಮೆ ಇದ್ದವರಲ್ಲಿ ಗಮನ ಸುಧಾರಿಸಿತು, ಉಳಿದವರಲ್ಲಿ ಇಲ್ಲ. ಮತ್ತೆ ಅದೇ ಕಥೆ, ಕೊರತೆ ಇದ್ದವರಿಗೆ ಲಾಭ.

ವಾರದಲ್ಲಿ ಎರಡು ದಿನ ಬಂಗುಡೆ, ಬೂತಾಯಿ ಬೇಯುವ ಕರಾವಳಿ ಮನೆಯಲ್ಲಿ ಕ್ಯಾಪ್ಸೂಲ್ ಯಾಕೆ ಬೇಕು? ಸಸ್ಯಾಹಾರಿಗಳ ಕಷ್ಟ ಬೇರೆ. ಅಗಸೆ ಬೀಜದಲ್ಲಿ ಇರುವ ಒಮೆಗಾ-3 ಬೇರೆ ಜಾತಿಯದು, ದೇಹ ಅದರಲ್ಲಿ ತೀರಾ ಚೂರನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತೆ. ಅಗಸೆ ಚಟ್ನಿ ಊಟಕ್ಕೆ ಒಳ್ಳೆಯದು, ಅಷ್ಟೇ. ಇನ್ನು ಗಮ್ಮಿಯ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಪ್ರಯೋಗದಲ್ಲಿ ಕೊಟ್ಟದ್ದು 1,200 ಮಿ.ಗ್ರಾಂ ಇಪಿಎ. ಡಬ್ಬಿಯಲ್ಲಿ ಇಪಿಎ ಎಷ್ಟು ಅಂತ ಬೇರೆಯಾಗಿ ಬರೆದಿದೆಯಾ, ಇಲ್ಲ ಸುಮ್ನೆ ‘ಒಮೆಗಾ’ ಅಂತಿದೆಯಾ?

ಅಮ್ಮಂದಿರ ಕಣ್ಣು, ಸಕ್ಕರೆಯ ಸುಳ್ಳು

‘ನಮ್ಮ ಮಗುವಿಗೆ ಕೊಟ್ಟ ಮೇಲೆ ಎಷ್ಟು ಬದಲಾವಣೆ ಗೊತ್ತಾ’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿ ಹಾಗೆ ಕಾಣುತ್ತೆ. ಅದು ಹೇಗೆ ಅನ್ನೋದಕ್ಕೆ 1994ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದಿದೆ. ಸಕ್ಕರೆ ತಿಂದರೆ ಮಗ ಹುಚ್ಚೆದ್ದು ಕುಣಿಯುತ್ತಾನೆ ಎಂದು ನಂಬಿದ್ದ 35 ಅಮ್ಮಂದಿರು, ಐದರಿಂದ ಏಳು ವರ್ಷದ ಅವರ ಗಂಡುಮಕ್ಕಳು. ಎಲ್ಲ ಹುಡುಗರಿಗೂ ಕೊಟ್ಟದ್ದು ಸಕ್ಕರೆಯೇ ಇಲ್ಲದ ಸಿಹಿ ಪಾನೀಯ. ಆದರೆ ಒಂದು ಗುಂಪಿನ ಅಮ್ಮಂದಿರಿಗೆ ‘ಸಕ್ಕರೆ ಜಾಸ್ತಿ ಕೊಟ್ಟಿದ್ದೇವೆ’ ಎಂದರು. ಆ ಅಮ್ಮಂದಿರು ಮಗ ಜಾಸ್ತಿ ಕುಣಿದ ಎಂದು ಬರೆದರು. ವಿಡಿಯೊ ನೋಡಿದರೆ ಇನ್ನೊಂದು ಬದಲಾವಣೆ: ಅವರು ಮಗನ ಹತ್ತಿರ ಹತ್ತಿರವೇ ಇದ್ದರು, ತಪ್ಪು ಹುಡುಕಿ ಗದರಿಸುವುದೂ ಹೆಚ್ಚಿತ್ತು. ನಂಬಿಕೆ ನೋಟವನ್ನಷ್ಟೇ ಅಲ್ಲ, ನಡವಳಿಕೆಯನ್ನೂ ಬದಲಿಸಿತ್ತು. ಮರುವರ್ಷ 23 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರೂ ಸಕ್ಕರೆ ಮಕ್ಕಳ ನಡವಳಿಕೆಯನ್ನು ಕೆಡಿಸುತ್ತೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. (ಹಲ್ಲು ಕೆಡಿಸುತ್ತೆ, ಅದರಲ್ಲಿ ಅನುಮಾನ ಬೇಡ.)

ಇದನ್ನೇ ತಿರುಗಿಸಿ ಹಾಕಿ. ದುಬಾರಿ ಡಬ್ಬಿ ತಂದಾಗಿದೆ, ಆಸೆ ಇದೆ, ಮಗುವಿನ ಮೇಲೆ ಸಿಟ್ಟು ಸ್ವಲ್ಪ ತಗ್ಗಿದೆ, ಮಾತು ಮೃದುವಾಗಿದೆ. ಮಗು ನಿಜವಾಗಿಯೂ ಸ್ವಲ್ಪ ಶಾಂತವಾಗಬಹುದು! ಆದರೆ ಅದಕ್ಕೆ ಕಾರಣ ಡಬ್ಬಿಯ ಒಳಗಿನದ್ದಲ್ಲ.

ಎಲ್ಲ ವಿಟಮಿನ್ ಒಟ್ಟಿಗೆ ಕೊಟ್ಟರೆ?

ಸಪ್ಲಿಮೆಂಟ್ ಪರ ವಾದಿಸುವವರ ಗಟ್ಟಿ ಪುರಾವೆ ಇಲ್ಲಿದೆ. ಒಂದೊಂದೇ ಪೋಷಕಾಂಶ ಕೊಟ್ಟರೆ ಪ್ರಯೋಜನ ಇಲ್ಲ, ಒಟ್ಟಿಗೆ ಕೊಡಬೇಕು ಅನ್ನುವುದು ಅವರ ಮಾತು. ನ್ಯೂಜಿಲೆಂಡಿನಲ್ಲಿ 2018ರಲ್ಲಿ 93 ಮಕ್ಕಳ ಮೇಲೆ, ಅಮೆರಿಕ ಮತ್ತು ಕೆನಡಾದಲ್ಲಿ 2022ರಲ್ಲಿ 135 ಮಕ್ಕಳ ಮೇಲೆ ಸರಿಯಾದ ಹೋಲಿಕೆಯ ಪ್ರಯೋಗ ನಡೆಯಿತು. ಎರಡನೆಯದರಲ್ಲಿ, ಯಾರಿಗೆ ಏನು ಕೊಟ್ಟಿದೆ ಎಂದು ಗೊತ್ತಿಲ್ಲದ ತಜ್ಞರು ನೋಡಿ ಅಂಕ ಕೊಟ್ಟಾಗ ವಿಟಮಿನ್ ಗುಂಪಿನ 54% ಮಕ್ಕಳಲ್ಲಿ ಸುಧಾರಣೆ, ಡಮ್ಮಿ ಗುಂಪಿನಲ್ಲಿ 18%. ಇದು ಚಿಕ್ಕ ಅಂತರವಲ್ಲ. ಆದರೆ ಅದೇ ಮಕ್ಕಳಿಗೆ ಪೋಷಕರು ಅಂಕ ಕೊಟ್ಟಾಗ ಎರಡೂ ಗುಂಪು ಒಂದೇ ಥರ ಸುಧಾರಿಸಿದ್ದವು. ಯಾರನ್ನು ನಂಬೋಣ? ಇನ್ನೂ ತೀರ್ಮಾನವಾಗಿಲ್ಲ. ನೆನಪಿಡಬೇಕಾದ್ದು, ಆ ಮಕ್ಕಳು ಆರರಿಂದ ಹನ್ನೆರಡು ವರ್ಷದವರು, ದಿನಕ್ಕೆ 9ರಿಂದ 12 ಕ್ಯಾಪ್ಸೂಲ್ ನುಂಗಿದವರು, ಡಾಕ್ಟರ ಕಣ್ಣಳತೆಯಲ್ಲಿ ಇದ್ದವರು. ಅದನ್ನು ತೋರಿಸಿ ಮೂರು ವರ್ಷದ ಮಗುವಿಗೆ ಗಮ್ಮಿ ಮಾರುವುದು ಲೆಕ್ಕಕ್ಕೆ ಕೂರಲ್ಲ.

ಸತುವಿನ (ಜಿಂಕ್) ಕಥೆ ಬೇಗ ಮುಗಿಯುತ್ತೆ. ಟರ್ಕಿಯ 2004ರ ಪ್ರಯೋಗದಲ್ಲಿ ಲಾಭ ಕಂಡಿತು, ಅಮೆರಿಕದ 2011ರ ಪ್ರಯೋಗದಲ್ಲಿ ಕಾಣಲಿಲ್ಲ.

ಒಂದೆಲಗ, ಬ್ರಾಹ್ಮಿ, ಚಿನ್ನದ ಹನಿ

ನಮ್ಮಲ್ಲಿ ಇವುಗಳನ್ನು ಬಿಟ್ಟು ಮಾತು ಮುಗಿಯಲ್ಲ. ಮಲೆನಾಡಿನ ಮನೆಗಳಲ್ಲಿ ತಂಬುಳಿ ಮಾಡುವ ಒಂದೆಲಗ ಬೇರೆ ಗಿಡ, ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ ನೀರುಬ್ರಾಹ್ಮಿ ಬೇರೆ ಗಿಡ. ಆ ನೀರುಬ್ರಾಹ್ಮಿಯ ಸಾರವನ್ನು ಆಸ್ಟ್ರೇಲಿಯಾದಲ್ಲಿ 6ರಿಂದ 14 ವರ್ಷದ ಹುಡುಗರಿಗೆ 14 ವಾರ ಕೊಟ್ಟು ನೋಡಿದರು. ಗಮನ, ಚಡಪಡಿಕೆಯ ನಡವಳಿಕೆಯಲ್ಲಿ ಡಮ್ಮಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ತಂಬುಳಿ ಉಣ್ಣಿ, ರುಚಿಯಾಗಿರುತ್ತೆ.

ಪುಷ್ಯ ನಕ್ಷತ್ರದ ದಿನ ಹಾಕಿಸುವ ಸ್ವರ್ಣಪ್ರಾಶನದಿಂದ ಎಡಿಎಚ್‌ಡಿ ತಗ್ಗುತ್ತೆ ಎಂದು ತೋರಿಸುವ ದೊಡ್ಡ, ಸರಿಯಾದ ಹೋಲಿಕೆಯ ಪ್ರಯೋಗ ಇಲ್ಲ. ಭಸ್ಮ, ಗುಳಿಗೆಗಳ ವಿಷಯದಲ್ಲಿ ಆತಂಕ ಇನ್ನೂ ಒಂದು ಮೆಟ್ಟಿಲು ಮೇಲಿನದು. ಬಾಸ್ಟನ್ ಸುತ್ತಮುತ್ತ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನ ಪರೀಕ್ಷಿಸಿದ 2004ರ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಮಾಡುವ ಹಾನಿಯಲ್ಲಿ ಮೊದಲನೆಯದೇ ಮಗುವಿನ ಗಮನ ಮತ್ತು ಬುದ್ಧಿ. ಗಮನ ಹೆಚ್ಚಲಿ ಎಂದು ಕೊಟ್ಟದ್ದೇ ಗಮನ ಕಸಿದರೆ ಯಾರನ್ನು ಕೇಳೋಣ?

ಬಣ್ಣದ ಗಲಾಟೆ ಎಲ್ಲಿ ಸೇರುತ್ತೆ

ಕರ್ನಾಟಕದ ನಿಷೇಧಕ್ಕೂ ಎಡಿಎಚ್‌ಡಿಗೂ ನೇರ ಸಂಬಂಧ ಇಲ್ಲ. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಅದರ ಭಯ ಕ್ಯಾನ್ಸರ್‌ನದು. ಗಮನದ ಪ್ರಶ್ನೆ ಬಂದದ್ದು ಬ್ರಿಟನ್ನಿನ ಸೌತಾಂಪ್ಟನ್‌ನ 2007ರ ಅಧ್ಯಯನದಿಂದ. ಮೂರು ವರ್ಷದ ಮತ್ತು ಎಂಟು-ಒಂಬತ್ತು ವರ್ಷದ ಸಾಮಾನ್ಯ ಮಕ್ಕಳಿಗೆ ಕೃತಕ ಬಣ್ಣ ಮತ್ತು ಆಹಾರ ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಸೇರಿಸಿದ ಪಾನೀಯ ಕೊಟ್ಟಾಗ ಚಟುವಟಿಕೆ ಸ್ವಲ್ಪ ಏರಿತು. ಸ್ವಲ್ಪವೇ, ಎಲ್ಲರಲ್ಲೂ ಅಲ್ಲ. 2010ರಿಂದ ಯುರೋಪಿನಲ್ಲಿ, ಅಲ್ಲಿ ಬಳಸಿದ್ದ ಆರು ಬಣ್ಣಗಳಲ್ಲಿ ಒಂದಿದ್ದರೂ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಬೇಕು. ಅವುಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್, ಪೊನ್ಸೊ 4ಆರ್ ನಾಲ್ಕಕ್ಕೂ ನಮ್ಮಲ್ಲಿ ಮಿತಿಯೊಳಗೆ ಅನುಮತಿ ಇದೆ.

ಬಣ್ಣದ ತಿಂಡಿ ಬಿಟ್ಟರೆ ನಷ್ಟ ಏನೂ ಇಲ್ಲ, ಬಿಡಿಸಿ. ಆದರೆ ಗೋಧಿ ಬೇಡ, ಹಾಲು ಬೇಡ, ಮೊಟ್ಟೆ ಬೇಡ ಎಂದು ಪಟ್ಟಿ ಬೆಳೆಸುತ್ತಾ ಹೋದರೆ ಮೊದಲೇ ಊಟಕ್ಕೆ ಕೂರದ ಮಗುವಿನ ತಟ್ಟೆಯೇ ಖಾಲಿಯಾಗುತ್ತೆ, ಆಗ ನಿಜವಾದ ಕೊರತೆ ಶುರು.

ಡಬ್ಬಿಯ ಮಾತು, ಕಾನೂನಿನ ಮಾತು

ಸಪ್ಲಿಮೆಂಟ್ ನಮ್ಮ ಕಾನೂನಿನಲ್ಲಿ ಔಷಧಿಯಲ್ಲ, ಆಹಾರ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಕಾಯಿಲೆ ವಾಸಿ ಮಾಡುತ್ತೆ ಅನ್ನುವ ಹಾಗಿಲ್ಲ, ಔಷಧಿಯಾಗಿ ಬಳಸಲು ಅಲ್ಲ ಎಂದು ಡಬ್ಬಿಯ ಮೇಲೆ ಬರೆಯಬೇಕು. ಅದಕ್ಕೇ ಡಬ್ಬಿಯಲ್ಲಿ ‘ಎಡಿಎಚ್‌ಡಿ’ ಇರಲ್ಲ, ‘ಏಕಾಗ್ರತೆಗೆ ನೆರವು’ ಇರುತ್ತೆ. ಮಾರಾಟಕ್ಕೆ ಮುಂಚೆ ಕೆಲಸ ಮಾಡುತ್ತೆ ಎಂದು ಔಷಧಿಯ ಹಾಗೆ ಪ್ರಯೋಗ ಮಾಡಿ ತೋರಿಸುವ ಗೋಜಿಲ್ಲ. ಉಳಿದ ಅರ್ಧ ಕೆಲಸವನ್ನು ಓದುವವರ ಆತಂಕ ಮಾಡಿ ಮುಗಿಸುತ್ತೆ.

ಆಹಾರ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಿಸಬಹುದು ಅಂತಲ್ಲ. ನಾಲ್ಕರಿಂದ ಎಂಟು ವರ್ಷದವರಿಗೆ ಸತುವಿನ ಮೇಲ್ಮಿತಿ ದಿನಕ್ಕೆ 12 ಮಿ.ಗ್ರಾಂ ಎನ್ನುತ್ತವೆ ಅಮೆರಿಕದ ಮಾನದಂಡಗಳು. ಮಿತಿ ಮೀರಿ ದಿನವೂ ಕೊಟ್ಟರೆ ದೇಹದ ತಾಮ್ರ ಕಡಿಮೆಯಾಗುತ್ತೆ. ವಿಟಮಿನ್ ಎ, ಡಿ ದೇಹದಲ್ಲಿ ಶೇಖರವಾಗುತ್ತವೆ, ದೊಡ್ಡವರಿಗೆಂದು ತಂದ 60,000 ಯೂನಿಟ್‌ನ ಡಿ ಸ್ಯಾಷೆ ಮಗುವಿಗೆ ದಿನಾ ಕುಡಿಸಿದರೆ ಮೂತ್ರಪಿಂಡಕ್ಕೇ ಏಟು. ಕಬ್ಬಿಣದ ಮಾತ್ರೆಯನ್ನು ಚಾಕೊಲೇಟ್ ಅಂದುಕೊಂಡು ಹಿಡಿಯಷ್ಟು ನುಂಗಿದ ಮಗುವಿನ ಪ್ರಾಣವೇ ಹೋಗಬಹುದು. ನಿದ್ದೆಗೆಂದು ಮಾರುವ ಮೆಲಟೋನಿನ್ ಗಮ್ಮಿಗಳನ್ನು 2023ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ 25ರಲ್ಲಿ 22ರ ಡಬ್ಬಿಯ ಮೇಲಿನ ಅಳತೆಯೇ ತಪ್ಪಾಗಿತ್ತು.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣಲ್ಲ. ಒಂದು ಡಬ್ಬಿ, ಇನ್ನೊಂದು ಬ್ರ್ಯಾಂಡು, ಮತ್ತೊಂದು ಪುಡಿ ಎಂದು ಎರಡು ವರ್ಷ ಕಳೆದರೆ ಮಗು ಒಂದನೇ ಕ್ಲಾಸು ದಾಟಿರುತ್ತೆ, ಅಕ್ಷರ ಹಿಂದೆ ಬಿದ್ದಿರುತ್ತೆ, ‘ದಡ್ಡ’ ಅಂತಲೋ ‘ತರ್ಲೆ’ ಅಂತಲೋ ಹೆಸರು ಅಂಟಿರುತ್ತೆ. ಅಂಗನವಾಡಿ, ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ, ಅಲ್ಲಿಂದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಉಚಿತವಾಗಿ ಕಳಿಸುವ ವ್ಯವಸ್ಥೆಯೂ ಇದೆ. ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಅಂತಲ್ಲ, ಕೇಳಿದರೆ ತಾನೇ ನಡೆಯೋದು. ಮನಸ್ಸಿನ ಆರೋಗ್ಯದ ಪ್ರಶ್ನೆಗಳಿಗೆ ಟೆಲಿ-ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಆದರೂ ಕೊಟ್ಟು ನೋಡಲೇಬೇಕು ಅನಿಸಿದರೆ

ಮೊದಲು ಮಕ್ಕಳ ಡಾಕ್ಟರ ಹತ್ತಿರ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಬರೆಸಿಕೊಳ್ಳಿ. ನಿದ್ದೆ, ಗೊರಕೆ, ಕಿವಿ ಬಗ್ಗೆ ನೀವೇ ಬಾಯಿಬಿಟ್ಟು ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಕೊರತೆ ಸಿಕ್ಕರೆ ಅದಕ್ಕೆ ಬೇಕಾದ್ದನ್ನು, ಅಷ್ಟೇ ದಿನ ಕೊಡಿ. ಊಟದ ಜೊತೆ ಟೀ ಕುಡಿಸುವ ಅಭ್ಯಾಸ ಇದ್ದರೆ ಬಿಡಿಸಿ, ಅದು ಕಬ್ಬಿಣ ಹೀರದಂತೆ ತಡೆಯುತ್ತೆ, ಬದಲಿಗೆ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ. ಮಗು ಈಗಾಗಲೇ ಎಡಿಎಚ್‌ಡಿ ಮಾತ್ರೆ ತಗೊಳ್ಳುತ್ತಿದ್ದರೆ ಗಮ್ಮಿ ನಂಬಿ ಅದನ್ನು ನಿಲ್ಲಿಸಬೇಡಿ. ಆ ಮಾತ್ರೆಯಿಂದ ಹಸಿವು ಕಡಿಮೆಯಾಗಿ ತೂಕ ಏರದಿದ್ದರೆ ಡಾಕ್ಟರಿಗೆ ಹೇಳಿ. ನಿಜಕ್ಕೂ ಪೋಷಣೆಯ ಮಾತು ಬರಬೇಕಾದ ಜಾಗ ಅದು.

ಕೊರತೆ ಏನೂ ಇಲ್ಲ, ಆದರೂ ಮೀನೆಣ್ಣೆ ಕೊಟ್ಟು ನೋಡುತ್ತೇವೆ ಅನ್ನುವವರು ಡಾಕ್ಟರಿಗೆ ಹೇಳಿ ಒಂದು ಸಲಕ್ಕೆ ಒಂದನ್ನೇ ಶುರು ಮಾಡಲಿ, ಮೂರು ತಿಂಗಳ ಗಡುವು ಹಾಕಿಕೊಳ್ಳಲಿ. ಶುರು ಮಾಡುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕ್ಲಾಸ್ ಟೀಚರ್ ಹತ್ತಿರ ಮಗುವಿನ ನಡವಳಿಕೆ ಬಗ್ಗೆ ಬರೆಸಿಕೊಳ್ಳಲಿ. ಮನೆಯಲ್ಲಿ ಏನು ಕೊಡುತ್ತಿದ್ದೀರಿ ಅನ್ನುವುದನ್ನು ಮಾತ್ರ ಟೀಚರಿಗೆ ಹೇಳಬಾರದು.